ಕೇಳಲಾಗದವರ ಹಿಸಾಬು





ಕಳೆದ ಎರಡು ಜುಮಾಗಳಲ್ಲಿ ಖುತ್ಬಾಕ್ಕೆ ಮೊದಲಿನ ಬಯಾನಿನಲ್ಲಿ ಹೇಳಿದ ಮಾತುಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ವೇಳೆ ಸಾಲದೆ ಅಲ್ಲಿ ಬಿಟ್ಟುಹೋದ ಇತಿಹಾಸದ ಸಂಗತಿಗಳನ್ನೂ ಸೇರಿಸಿದ್ದೇನೆ. ಮೊದಲು ನನ್ನದೇ ಒಂದು ತಪ್ಪು ಹೇಳಿ ಮುಂದೆ ಹೋಗುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಓಣಿಯಲ್ಲಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಮುದುಕರು ಹಾಸಿಗೆ ಹಿಡಿದಿದ್ದರು. ಜುಮಾ ನಮಾಜಿನ ನಂತರ ನಾನೇ ಬಾಗಿಲಲ್ಲಿ ಚಾದರ ಹಾಸಿದೆ. ಜನ ಕೈಬಿಚ್ಚಿ ಕೊಟ್ಟರು. ಔಷಧಕ್ಕೆ, ಆಟೋಕ್ಕೆ, ಹಾಲಿಗೆ ಎಂದು ಆ ಹಣ ನನ್ನ ಕೈಯಿಂದಲೇ ಹೋಯಿತು. ಮುದುಕರು ತೀರಿಕೊಂಡರು. ಕಫನಿಗೂ ಅದರಲ್ಲೇ ಕೊಟ್ಟೆ. ಉಳಿದದ್ದನ್ನು ಇನ್ನೊಬ್ಬ ಬಡವರಿಗೆ ಕೊಟ್ಟ ನೆನಪು. ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ. ವರ್ಷದ ಮೇಲೆ ಅವರ ಮಗಳು ಬಂದು ಕೇಳಿದಳು: "ಹಜರತ್, ತಪ್ಪು ತಿಳಕೋಬ್ಯಾಡ್ರಿ. ಅಬ್ಬಾಗ ಕೂಡಿಸಿದ ರೊಕ್ಕದಾಗ ಏನರ ಉಳದಿತ್ತೇನ್ರಿ? ಔಷಧ ಅಂಗಡ್ಯಾಗ ಬಾಕಿ ಐತಿ."

ನನಗೆ ಸಿಟ್ಟು ಬಂತು. "ಇಮಾಮನ್ನ ಹಿಸಾಬು ಕೇಳ್ತಿಯೇನವಾ?" ಎಂದುಬಿಟ್ಟೆ. ಆಕೆ ತಲೆ ತಗ್ಗಿಸಿ ಹೋದಳು. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಒಂದು ಪೈಸೆಯನ್ನೂ ತಿಂದಿರಲಿಲ್ಲ, ಅದು ಅಲ್ಲಾಹನಿಗೆ ಗೊತ್ತು. ಆದರೆ ಆಕೆಗೆ ಹೇಗೆ ಗೊತ್ತಾಗಬೇಕು? ಕೇಳುವ ಹಕ್ಕು ಆಕೆಗಿತ್ತು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿ ಹೋದರೂ ಹಿರಿಯರ ಬಾಯಲ್ಲಿ ಒಂದು ಮಾತು ಕೇಳುತ್ತೇನೆ. ಮಕ್ಕಳು ಪುಣೆ, ಗೋವಾ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿದ್ದಾರೆ. ಮನೆಯಲ್ಲಿ ಮುದುಕರಿಬ್ಬರೇ, ಇಲ್ಲವೇ ಒಬ್ಬರೇ. ನಮ್ಮಲ್ಲೂ ಒಂದು ವೃದ್ಧಾಶ್ರಮ ಬೇಕು ಎನ್ನುತ್ತಾರೆ. ತಂದೆತಾಯಿಯನ್ನು ಮನೆಯಲ್ಲಿ ನೋಡಿಕೊಳ್ಳುವುದೇ ಮೊದಲ ಫರ್ಜ್. ಆದರೆ ಮಕ್ಕಳೇ ಇಲ್ಲದವರು, ಇದ್ದೂ ಇಲ್ಲದಂತಾದವರು ಇದ್ದಾರೆ. ಅವರಿಗೆ ನೆರಳು ಬೇಕು. ಜಾಗ ಎಲ್ಲಿ, ಕೊಡುವವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಬರೆಯುವವರು ಯಾರು, ಅದನ್ನು ನೋಡುವವರು ಯಾರು ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಆದ್ದರಿಂದ ಈ ಬರಹ.

ಮಿಂಬರಿನ ಮೇಲೆ ನಡೆದ ಹಿಸಾಬು

ಹಿಸಾಬು ಕೇಳುವುದು ಸಂಶಯ ಪಡುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಮ್ಮ ಇತಿಹಾಸ ಬೇರೆಯೇ ಹೇಳುತ್ತದೆ. ಪ್ರವಾದಿ ಮುಹಮ್ಮದ್(ಸ) ಅವರು ಬನೂ ಸುಲೈಮ್ ಗೋತ್ರದವರಿಂದ ಝಕಾತ್ ತರಲು ಇಬ್ನುಲ್ ಲುತ್ಬಿಯ್ಯಾ ಎಂಬವರನ್ನು ಕಳಿಸಿದ್ದರು. ಅವರು ಮರಳಿ ಬಂದಾಗ ಪ್ರವಾದಿಯವರು(ಸ) ಅವರಿಂದ ಹಿಸಾಬು ತೆಗೆದುಕೊಂಡರು. ಅವರು ತಂದದ್ದನ್ನು ಎರಡು ಪಾಲು ಮಾಡಿ, ಇದು ಝಕಾತಿನದು, ಇದು ನನಗೆ ಬಂದ ಕಾಣಿಕೆ ಎಂದರು. ನೀನು ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಕಾಣಿಕೆ ಬರುತ್ತಿತ್ತೇ ಎಂಬ ಅರ್ಥದಲ್ಲಿ ಪ್ರವಾದಿಯವರು(ಸ) ಕೇಳಿದರು. ಆಮೇಲೆ ಜನರ ಮುಂದೆ ನಿಂತು ಅದೇ ವಿಷಯವಾಗಿ ಖುತ್ಬಾ ನೀಡಿದರು. ಸಹೀಹ್ ಬುಖಾರಿಯಲ್ಲಿ ಇದು ದಾಖಲಾಗಿದೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಹಿಸಾಬು ಕೊಟ್ಟವರು ಯಾರೋ ದಾರಿಹೋಕರಲ್ಲ, ಪ್ರವಾದಿಯವರ(ಸ) ಜೊತೆಗಾರರು. ಹಾಗೆಯೇ ವಿಷಯವನ್ನು ಕೋಣೆಯೊಳಗೆ ಮುಗಿಸಲಿಲ್ಲ, ಜಮಾತಿನ ಮುಂದೆ ಇಟ್ಟರು. ಇಂಥ ಸಹಾಬಿಗಳೇ ಹಿಸಾಬು ಕೊಟ್ಟ ಮೇಲೆ ನನ್ನಂಥ ಇಮಾಮನಿಗೆ ಸಿಟ್ಟು ಬರಲು ಏನು ಅಧಿಕಾರ?

ಪವಿತ್ರ ಕುರ್‌ಆನಿನ ಅತಿ ಉದ್ದದ ಸೂಕ್ತ ಯಾವುದು ಎಂದು ಮಕ್ತಬಿನ ಮಕ್ಕಳಿಗೂ ಗೊತ್ತು: ಬಕರಾ ಅಧ್ಯಾಯದ 282ನೆಯದು. ಅದು ನಮಾಜಿನ ಬಗ್ಗೆ ಅಲ್ಲ, ರೋಜಾದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರ ಪಡಬೇಡಿ ಎಂಬ ತಾಕೀತೂ ಅದರಲ್ಲಿದೆ. ಹೇಳಿ ಬರೆಸುವ ಶಕ್ತಿ ಇಲ್ಲದ ದುರ್ಬಲರ ಪರವಾಗಿ ಅವರ ಪೋಷಕರು ನ್ಯಾಯದಿಂದ ಹೇಳಿ ಬರೆಸಲಿ ಎಂದೂ ಇದೆ. ಹಾಸಿಗೆ ಹಿಡಿದ ವೃದ್ಧರ ವಿಷಯಕ್ಕೆ ಇದಕ್ಕಿಂತ ಹತ್ತಿರದ ಮಾತು ಯಾವುದಿದೆ?

ಮುದುಕನ ಹಕ್ಕು, ಬೈತುಲ್ ಮಾಲಿನ ಲೆಕ್ಕ

ಹಜರತ್ ಉಮರ್(ರ) ಅವರ ಖಿಲಾಫತ್ತಿನಲ್ಲಿ ದಿವಾನ್, ಅಂದರೆ ಹೆಸರು ಬರೆದ ದಫ್ತರು, ಶುರುವಾಯಿತು. ಯಾರಿಗೆ ಎಷ್ಟು ಸಲ್ಲಬೇಕು ಎಂಬುದು ಆ ಪುಸ್ತಕದಲ್ಲಿ ಇರುತ್ತಿತ್ತು. ಇಮಾಮ್ ಅಬೂ ಹನೀಫಾ(ರಹ) ಅವರ ಶಿಷ್ಯರೂ ಖಲೀಫಾ ಹಾರೂನ್ ಅಲ್ ರಶೀದ್ ಕಾಲದ ಮುಖ್ಯ ಖಾಜಿಗಳೂ ಆಗಿದ್ದ ಅಬೂ ಯೂಸುಫ್(ರಹ) (ನಿಧನ 798) ತಮ್ಮ 'ಕಿತಾಬುಲ್ ಖರಾಜ್'ನಲ್ಲಿ ಒಂದು ಘಟನೆ ಹೇಳಿದ್ದಾರೆ. ಉಮರ್(ರ) ಒಬ್ಬ ಕುರುಡ ಮುದುಕ ಭಿಕ್ಷೆ ಬೇಡುವುದನ್ನು ಕಂಡರು. ಆತ ಯಹೂದಿ. ಕೈಹಿಡಿದು ಮನೆಗೆ ಕರೆದೊಯ್ದು ಇದ್ದದ್ದನ್ನು ಕೊಟ್ಟರು. ಅಲ್ಲಿಗೆ ಬಿಡಲಿಲ್ಲ. ಬೈತುಲ್ ಮಾಲಿನ ಅಧಿಕಾರಿಯನ್ನು ಕರೆಸಿ, ಈತನನ್ನೂ ಇಂಥವರನ್ನೂ ನೋಡಿಕೊಳ್ಳಿ, ಯೌವನದಲ್ಲಿ ಇವರಿಂದ ತೆರಿಗೆ ತಿಂದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲ ಎಂಬರ್ಥದ ಆಜ್ಞೆ ಕೊಟ್ಟರು.

ನಾವು ಈ ಕಥೆಯನ್ನು ದಯೆಯ ಕಥೆಯಾಗಿ ಮಾತ್ರ ಹೇಳುತ್ತೇವೆ. ನಿಜದಲ್ಲಿ ಇದು ಲೆಕ್ಕದ ಕಥೆಯೂ ಹೌದು. ಮನೆಯಲ್ಲಿ ಕೊಟ್ಟದ್ದು ಸದಕಾ. ಖಜಾನೆಯಿಂದ ಕೊಡಿಸಿದ್ದು ಹಕ್ಕು. ಸದಕಾ ಕೊಡುವವನ ಮನಸ್ಸಿನ ಮೇಲೆ ನಿಂತಿರುತ್ತದೆ, ಹಕ್ಕು ಪುಸ್ತಕದ ಮೇಲೆ ನಿಂತಿರುತ್ತದೆ.

ಅದೇ ಉಮರ್(ರ) ಖೈಬರಿನಲ್ಲಿ ತಮಗೆ ದೊರೆತ ಜಮೀನನ್ನು ಪ್ರವಾದಿಯವರ(ಸ) ಸಲಹೆ ಕೇಳಿ ವಕ್ಫ್ ಮಾಡಿದರು. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸಾಗಿ ಹಂಚುವಂತಿಲ್ಲ. ಅದರ ಫಲ ಬಡವರಿಗೆ, ಬಂಧುಗಳಿಗೆ, ದಾರಿಹೋಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ವಾಡಿಕೆಯಂತೆ ಅದರಲ್ಲಿ ಉಣ್ಣಬಹುದು, ಆದರೆ ಅದರಿಂದ ತನ್ನ ಆಸ್ತಿ ಕೂಡಿಹಾಕಬಾರದು. ಮುತವಲ್ಲಿಗೆ ಸಂಬಳ ಇರಬಾರದು ಎಂದು ಇಸ್ಲಾಮ್ ಹೇಳಲಿಲ್ಲ. ಅದರ ಮಿತಿಯನ್ನು ಮೊದಲೇ ಎಲ್ಲರ ಮುಂದೆ ಹೇಳಿರಬೇಕು ಎಂಬ ಪಾಠ ಈ ಶರತ್ತಿನಲ್ಲಿದೆ. ಉಮರ್(ರ) ನಂತರ ಆ ವಕ್ಫಿನ ಉಸ್ತುವಾರಿ ಅವರ ಮಗಳು ಹಜರತ್ ಹಫ್ಸಾ(ರ) ಅವರಿಗೆ ಹೋಯಿತು. ನಮ್ಮ ಕಮಿಟಿಗಳಲ್ಲಿ ಹೆಣ್ಣುಮಕ್ಕಳು ಯಾಕಿಲ್ಲ ಎಂದು ಕೇಳಿದರೆ ಸುಮ್ಮನಾಗುವವರು ಇದನ್ನು ನೆನಪಿಡಬೇಕು. ವೃದ್ಧಾಶ್ರಮದಲ್ಲಿ ಅಜ್ಜಿಯರೂ ಇರುತ್ತಾರಲ್ಲ.

ಖಾಜಿಯ ದಫ್ತರು

ವಕ್ಫ್‌ಗಳು ಬೆಳೆದವು, ಅವುಗಳ ಜೊತೆ ಗೊಂದಲವೂ ಬೆಳೆಯಿತು. ನೋಡಿಕೊಳ್ಳುತ್ತಿದ್ದವರ ಮಕ್ಕಳು ಅದನ್ನು ತಮ್ಮ ಸ್ವಂತ ಆಸ್ತಿ ಎಂಬಂತೆ ಹಂಚಿಕೊಳ್ಳತೊಡಗಿದರು. ಹಿಜರಿ 118ರಲ್ಲಿ, ಅಂದರೆ ಕ್ರಿ.ಶ. 736ರಲ್ಲಿ, ಮಿಸ್ರಿನ ಖಾಜಿ ತೌಬಾ ಇಬ್ನ್ ನಮಿರ್ ಅಲ್ಲಿನ ವಕ್ಫ್‌ಗಳನ್ನೆಲ್ಲ ಒಂದು ದಫ್ತರಿನಡಿ ತಂದರು. ಅವರ ತರ್ಕ ಸರಳ: ಈ ದಾನಗಳೆಲ್ಲ ಕೊನೆಗೆ ಸೇರಬೇಕಾದದ್ದು ಬಡವರಿಗೆ, ಅವು ಹಾಳಾಗದಂತೆ, ಯಾರದೋ ವಾರಸು ಆಗದಂತೆ ಕಾಯುವುದು ಖಾಜಿಯ ಕೆಲಸ. ಬಡವನು ತಾನಾಗಿ ಬಂದು ಫಿರ್ಯಾದಿ ಕೊಡಲಿ ಎಂದು ಅವರು ಕಾಯಲಿಲ್ಲ. ಬಡವನಿಗೆ ತನ್ನ ಹೆಸರಿನಲ್ಲಿ ವಕ್ಫ್ ಇದೆ ಎಂಬುದೇ ಗೊತ್ತಿರುವುದಿಲ್ಲ!

1896ರಲ್ಲಿ ಇಸ್ತಾಂಬುಲಿನಲ್ಲಿ ಸುಲ್ತಾನ್ ಎರಡನೆಯ ಅಬ್ದುಲ್ ಹಮೀದ್ ಕಾಲದಲ್ಲಿ 'ದಾರುಲ್ ಅಜಝಾ' ಎಂಬ ನಿರಾಶ್ರಿತರ, ವೃದ್ಧರ ಆಶ್ರಯಧಾಮ ತೆರೆಯಿತು. ಅದರ ಅಂಗಳದಲ್ಲಿ ಮಸೀದಿಯ ಜೊತೆ ಚರ್ಚು ಮತ್ತು ಯಹೂದಿಗಳ ಸಿನಗಾಗ್ ಕೂಡ ಇವೆ. ಉಮರ್(ರ) ಆ ಯಹೂದಿ ಮುದುಕನ ಕೈ ಹಿಡಿದದ್ದರ ನೆರಳು ಅಲ್ಲಿ ಕಾಣುತ್ತದೆ. ನಮ್ಮ ರಾಜ್ಯದಲ್ಲೇ ನೋಡಿದರೆ, ಬಡ ವೃದ್ಧರ ಸೇವೆಗೆಂದೇ ಇರುವ ಕ್ರೈಸ್ತ ಸನ್ಯಾಸಿನಿಯರ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಸಂಸ್ಥೆ ಬೆಂಗಳೂರಿಗೆ ಬಂದದ್ದು 1900ರಲ್ಲಿ. ಒಳ್ಳೆಯದನ್ನು ಎಲ್ಲಿ ಕಂಡರೂ ಕಲಿಯೋಣ.

ನಮ್ಮ ನೆಲದ ಕಾಗದಪತ್ರ

ಈಗ ನಮ್ಮ ಊರಿಗೆ ಬರೋಣ. ಹುಕ್ಕೇರಿಯ ಗುಮ್ಮಟಗಳನ್ನು ನೀವೆಲ್ಲ ನೋಡಿದ್ದೀರಿ, ಆದಿಲ್‌ಶಾಹಿ ಕಾಲದವು. ಆ ಕಾಲದಲ್ಲೂ, ಆಮೇಲಿನ ಮರಾಠರ, ಪೇಶ್ವೆಗಳ ಕಾಲದಲ್ಲೂ ಈ ಭಾಗದಲ್ಲಿ ಮಸೀದಿ, ದರ್ಗಾ, ಮಠ, ಗುಡಿಗಳಿಗೆ ಇನಾಮು ಜಮೀನು ಕೊಡುವ ರೂಢಿ ಇತ್ತು. ಇಂಗ್ಲಿಷರು ಬಂದ ಮೇಲೆ ಮುಂಬಯಿ ಪ್ರಾಂತ್ಯದಲ್ಲಿ ಇನಾಮ್ ಕಮಿಷನ್ ಕೂತಿತು. 1852ರ ಕಾಯ್ದೆಯಿಂದ ಅದಕ್ಕೆ ಪೂರ್ತಿ ಬಲ ಬಂತು. ಇನಾಮುದಾರರು ತಮ್ಮ ಸನದು, ದಾಖಲೆಗಳನ್ನು ಮುಂದಿಡಬೇಕಾಯಿತು. ಈ ದಕ್ಷಿಣ ಮರಾಠಾ ಸೀಮೆಯಲ್ಲಿ ಎಷ್ಟೋ ಇನಾಮುಗಳು ಕಾಗದ ಸಾಲದು ಎಂದು ತಿರಸ್ಕಾರವಾದವು. ಪರದೇಶಿ ಸರ್ಕಾರದ ಕಣ್ಣು ಕಂದಾಯದ ಮೇಲಿತ್ತು, ಅದು ನಿಜ. ಆದರೆ ನಮಗೂ ಒಂದು ಪಾಠ ಇದೆ. ಕೊಟ್ಟವನ ನಿಯತ್ತು ಎಷ್ಟೇ ಶುದ್ಧವಿರಲಿ, ಕಾಗದ ಕಳೆದರೆ ದಾನ ಅನಾಥ.

1923ರಲ್ಲಿ ಮುಸಲ್ಮಾನ್ ವಕ್ಫ್ ಕಾಯ್ದೆ ಬಂತು. ವಕ್ಫ್‌ಗಳ ಸರಿಯಾದ ಲೆಕ್ಕ ಇಡುವುದು ಮತ್ತು ಅದನ್ನು ಪ್ರಕಟಿಸುವುದು ಅದರ ಉದ್ದೇಶವೆಂದು ಅದರ ಪೀಠಿಕೆಯಲ್ಲೇ ಇತ್ತು. ಪ್ರತಿ ಮುತವಲ್ಲಿ ಮಾರ್ಚ್ 31ರ ನಂತರ ಮೂರು ತಿಂಗಳೊಳಗೆ ನ್ಯಾಯಾಲಯಕ್ಕೆ ಪೂರ್ತಿ ಲೆಕ್ಕ ಕೊಡಬೇಕು. ವರ್ಷದ ಆದಾಯ 2,000 ರೂಪಾಯಿ ಮೀರಿದರೆ ಪ್ರಮಾಣಪತ್ರವುಳ್ಳ ಲೆಕ್ಕಪರಿಶೋಧಕರಿಂದ ತಪಾಸಣೆ ಆಗಬೇಕು. ತಪ್ಪಿದರೆ 500 ರೂಪಾಯಿಯವರೆಗೆ, ಮತ್ತೆ ತಪ್ಪಿದರೆ 2,000 ರೂಪಾಯಿಯವರೆಗೆ ದಂಡ. ಇದು ನೂರು ವರ್ಷದ ಹಿಂದಿನ ಕಾನೂನು. ಆಗಿನ 500 ರೂಪಾಯಿ ಎಂದರೆ ಎಷ್ಟು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ.

1950ರಲ್ಲಿ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಬಂತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಗುಡಿ, ಮಠ, ಮಸೀದಿ, ಚರ್ಚು, ಧರ್ಮಾರ್ಥ ಸಂಘ ಎಲ್ಲಕ್ಕೂ ಒಂದೇ ನಿಯಮ: ನೋಂದಣಿ, ಲೆಕ್ಕ, ತಪಾಸಣೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಾಯಿತ ಸಂಘವು ವರ್ಷವರ್ಷ ತನ್ನ ಆಡಳಿತ ಮಂಡಳಿಯ ಪಟ್ಟಿಯನ್ನೂ ತಪಾಸಣೆಯಾದ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದು, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಬಡ ವೃದ್ಧರಿಗೆ ಸಾಲುವಂಥ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದಿತು. ಆದರೆ ಜನರೇ ಚಂದಾ ಕೂಡಿಸಿ ನಡೆಸುವ ಆಶ್ರಮದ ರೊಕ್ಕದ ಲೆಕ್ಕ ನೋಡುವುದು ಬಹುಪಾಲು ಸಂಘ, ಟ್ರಸ್ಟ್ ಮತ್ತು ಆದಾಯ ತೆರಿಗೆಯ ಕಾನೂನುಗಳೇ. ಅವು ವರ್ಷಕ್ಕೊಮ್ಮೆ ಕಾಗದ ಕೇಳುತ್ತವೆ. ಕಾಗದದಲ್ಲಿ ಬರೆದ ಅಕ್ಕಿ ಮುದುಕರ ತಾಟಿಗೆ ಬಿತ್ತೋ ಇಲ್ಲವೋ ಎಂಬುದನ್ನು ನೋಡುವವರು ನಾವೇ ಆಗಬೇಕು.

ಡೇರಿಯ ಚೀಟಿ, ಸೊಸೈಟಿಯ ಸಭೆ

ಲೆಕ್ಕಪತ್ರ ದೊಡ್ಡ ಪಟ್ಟಣದವರ ಕೆಲಸ ಎಂದು ಕೆಲವರು ಹೇಳುತ್ತಾರೆ. ನಮ್ಮ ರೈತರು ಹಾಲು ಹಾಕಿ ಫ್ಯಾಟ್ ಎಷ್ಟು ಬಂತು ಎಂದು ನೋಡದೆ ಡೇರಿ ಬಿಟ್ಟು ಬರುವುದಿಲ್ಲ. ಕಬ್ಬಿನ ತೂಕದ ಚೀಟಿಯನ್ನು ಎರಡು ಸಲ ಓದುತ್ತಾರೆ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ. ಕರೆಂಟನ್ನೇ ಸಂಘ ಕಟ್ಟಿ ಹಂಚಿದ ತಾಲ್ಲೂಕು ನಮ್ಮದು. ಊರೂರಿನ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದಿದಾಗ ಎದ್ದು ನಿಂತು ಪ್ರಶ್ನೆ ಕೇಳುವವರು ನಾವೇ. ಅಲ್ಲಿ ಕೇಳುತ್ತೇವೆ, ಯಾಕೆಂದರೆ ಅದು ನಮ್ಮ ರೊಕ್ಕ. ವೃದ್ಧಾಶ್ರಮದಲ್ಲಿ ಯಾರು ಕೇಳಬೇಕು? ರೊಕ್ಕ ಕೊಟ್ಟವನು ಕೊಟ್ಟು ಮರೆತ. ರೊಕ್ಕ ಯಾರಿಗೆ ಸೇರಬೇಕೋ ಅವರ ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಕೇಳಿದರೆ ಎಲ್ಲಿ ಹೊರಗೆ ಹಾಕುತ್ತಾರೋ ಎಂಬ ಅಂಜಿಕೆ ಬೇರೆ. ಹಾಗಾಗಿ ಅಲ್ಲಿ ಹಿಸಾಬನ್ನು ಕೇಳುವ ಮೊದಲೇ ಕೊಡಬೇಕು.

2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ಉಕ್ಕಿ ಬಂದದ್ದನ್ನು ಮರೆಯುವಂತಿಲ್ಲ. ಗೋಕಾಕದ ಓಣಿಗಳಲ್ಲಿ ನೀರು ನಿಂತಿತ್ತು. ದೂರದೂರದಿಂದ ಲಾರಿಗಳಲ್ಲಿ ಅಕ್ಕಿ, ಚಾದರ, ಬಟ್ಟೆ ಬಂದವು. ಜಾತಿ ಧರ್ಮ ನೋಡದೆ ಜನ ಕೊಟ್ಟರು, ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಲಾರಿಯ ತನಕ ನಡೆಯಲಾಗದ ಮುದುಕರಿಗೆ ಅದರಲ್ಲಿ ಎಷ್ಟು ತಲುಪಿತು ಎಂದು ಯಾರಾದರೂ ಕೇಳಿದರೆ, ನನ್ನ ಓಣಿಯ ಮಟ್ಟಿಗೆ ನನ್ನ ಹತ್ತಿರವೂ ಉತ್ತರವಿಲ್ಲ. ಕೈಕಾಲು ಗಟ್ಟಿ ಇದ್ದವರು ಮುಂದೆ ನಿಂತರು.

ಅಡಿಗಲ್ಲಿಗೆ ಮೊದಲು ಹಿಸಾಬಿನ ಪುಸ್ತಕ

ನಮ್ಮಲ್ಲಿ ವೃದ್ಧಾಶ್ರಮ ಆಗುವುದಾದರೆ, ಇನ್‌ಶಾ ಅಲ್ಲಾಹ್, ಇವಿಷ್ಟು ಮೊದಲೇ ಗಟ್ಟಿಯಾಗಲಿ.

ಒಂದು: ಹಣ ಯಾರ ಜೇಬಿನಲ್ಲೂ ಇರಬಾರದು. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಸಹಿ, ಹತ್ತು ರೂಪಾಯಿಗೂ ಪಾವತಿ. ಆ ಇಬ್ಬರು ಒಂದೇ ಮನೆಯವರಾಗಿರಬಾರದು.

ಎರಡು: ಝಕಾತಿನ ಖಾತೆ ಬೇರೆ, ಸದಕಾ ಮತ್ತು ಲಿಲ್ಲಾಹ್ ಹಣದ ಖಾತೆ ಬೇರೆ. ನಮ್ಮ ಹನಫಿ ಫಿಕ್ಹಿನ ಪ್ರಕಾರ ಝಕಾತನ್ನು ಹಕ್ಕುದಾರನ ಕೈಗೆ ಕೊಟ್ಟು ಅವನನ್ನು ಅದರ ಮಾಲೀಕನನ್ನಾಗಿ ಮಾಡಬೇಕು. ಅದರಿಂದ ಗೋಡೆ ಕಟ್ಟಲಾಗದು, ಅಡುಗೆಯವರಿಗೆ ಸಂಬಳ ಕೊಡಲಾಗದು. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದರೆ ಕೊಟ್ಟವನ ಝಕಾತ್ ಸಂದಾಯವಾಯಿತೋ ಇಲ್ಲವೋ ಎಂಬ ಪ್ರಶ್ನೆಗೆ ಕಮಿಟಿಯವರು ಆಖಿರತ್ತಿನಲ್ಲಿ ಉತ್ತರಿಸಬೇಕಾಗುತ್ತದೆ.

ಮೂರು: ರೊಕ್ಕದಷ್ಟೇ ಸಾಮಾನಿನ ಲೆಕ್ಕವೂ ಬೇಕು. ಮದುವೆ ಮನೆಯಿಂದ ಬಂದ ಊಟ, ರಮಜಾನಿನಲ್ಲಿ ಬಂದ ಬಟ್ಟೆ, ಬಕ್ರೀದಿನ ಮಾಂಸ, ಔಷಧ, ಎಲ್ಲವನ್ನೂ ಬಂದ ದಿನವೇ ಬರೆಯಬೇಕು. ಹೆಚ್ಚಿನ ಸೋರಿಕೆ ಆಗುವುದು ಇಲ್ಲೇ.

ನಾಲ್ಕು: ವೃದ್ಧರು ಸೇರುವ ದಿನ ಅವರ ಒಡವೆ, ಪಾಸ್‌ಬುಕ್, ಎಟಿಎಂ ಕಾರ್ಡು, ರೊಕ್ಕ, ಎಲ್ಲವನ್ನೂ ಇಬ್ಬರು ಸಾಕ್ಷಿಗಳ ಮುಂದೆ ಪಟ್ಟಿ ಮಾಡಿ ಒಂದು ಪ್ರತಿ ಅವರಿಗೇ ಕೊಡಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ಅವರದು, ಆಶ್ರಮದ್ದಲ್ಲ. ಊಟಕ್ಕೆಂದು ಅದರಲ್ಲಿ ಪಾಲು ತೆಗೆದುಕೊಳ್ಳುವುದಾದರೆ ಎಷ್ಟು ಎಂದು ಮೊದಲೇ ಒಪ್ಪಿ ಬರೆಯಬೇಕು. ಯತೀಮರ ಆಸ್ತಿ ಮರಳಿಸುವಾಗ ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂದು ನಿಸಾ ಅಧ್ಯಾಯದ 6ನೆಯ ಸೂಕ್ತ ಆಜ್ಞಾಪಿಸುತ್ತದೆ. ಯತೀಮ ಬೆಳೆದು ದೊಡ್ಡವನಾಗಿ ಕೇಳುತ್ತಾನೆ. ವೃದ್ಧರು ದಿನದಿನಕ್ಕೆ ಕುಗ್ಗುತ್ತಾರೆ, ನಾಳೆ ಕೇಳಲು ಇರುವುದೂ ಇಲ್ಲ. ಸಾಕ್ಷಿ ಇಲ್ಲಿ ಇನ್ನೂ ಹೆಚ್ಚು ಬೇಕು. ಅವರು ತೀರಿಕೊಂಡ ಮೇಲೆ ಆ ಪಟ್ಟಿಯಂತೆ ವಾರಸುದಾರರಿಗೆ ಒಪ್ಪಿಸಬೇಕು. ಅನಾಥ ಶವ ಎಂದು ಕಫನು ಹಾಕಿ, ಕಿವಿಯ ಬೆಂಡೋಲೆ ಮರೆತುಬಿಡಬಾರದು.

ಐದು: ನಡೆಸುವವರ ಸಂಬಳ ಎಷ್ಟು ಎಂಬುದು ಗೋಡೆಯ ಮೇಲೆ ಇರಲಿ. ಖೈಬರಿನ ಶರತ್ತು ಅದೇ.

ಆರು: ತಿಂಗಳ ಜಮಾಖರ್ಚನ್ನು ಮಸೀದಿಯ ಫಲಕದಲ್ಲಿ ಹಚ್ಚಿ, ಒಂದು ಜುಮಾದಲ್ಲಿ ಓದಬೇಕು. ಆಶ್ರಮದೊಳಗೂ ಓದಬೇಕು, ವೃದ್ಧರ ಮುಂದೆ, ಅವರಿಗೆ ತಿಳಿಯುವ ಮಾತಿನಲ್ಲಿ. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆ ಆಗಬೇಕು. ವಾರಕ್ಕೊಮ್ಮೆ ಜಮಾತಿನ ಯಾರಾದರೊಬ್ಬರು ಹೇಳದೆ ಕೇಳದೆ ಹೋಗಿ ಅವರ ಜೊತೆ ಕುಳಿತು ಉಣ್ಣಬೇಕು.

ಒಬ್ಬ ಸಹೋದರರು ನನ್ನನ್ನು ಕೇಳಿದರು: "ಗುಪ್ತದಾನ ಶ್ರೇಷ್ಠ ಅಂತೀರಿ, ಮತ್ತ ಬೋರ್ಡಿಗೆ ಹಚ್ಚಂತೀರಿ, ಹೆಂಗ್ರಿ ಹಜರತ್?" ಒಳ್ಳೆಯ ಪ್ರಶ್ನೆ. ಕೊಟ್ಟವರ ಹೆಸರು ಮುಚ್ಚಿರಲಿ, ಮೊತ್ತ ಮುಚ್ಚಿರಬಾರದು. ಪಡೆದವರ ಮುಖವೂ ಮುಚ್ಚಿರಲಿ. ಇಂದು ಒಂದು ಬಿಸ್ಕಿಟ್ ಪುಡಿಕೆ ಕೊಟ್ಟು ಅಜ್ಜಿಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇವೆ, ಲಕ್ಷ ರೂಪಾಯಿಯ ಖರ್ಚನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ತೋರಿಸಬೇಕಾದದ್ದನ್ನು ಮುಚ್ಚಿ, ಮುಚ್ಚಬೇಕಾದದ್ದನ್ನು ತೋರಿಸುತ್ತಿದ್ದೇವೆ.

ಇನ್ನೊಬ್ಬರು, ಅಲ್ಲಾಹನು ನೋಡುತ್ತಿದ್ದಾನೆ, ಕಾಗದ ಯಾಕೆ ಎಂದರು. ಅಲ್ಲಾಹನು ನೋಡುತ್ತಿದ್ದಾನೆ, ನಿಜ. ಬರೆದಿಡಿ ಎಂದು ಹೇಳಿದವನೂ ಅವನೇ.

ಕೊನೆಗೆ ಆ ಮಗಳ ಮಾತು. ಎರಡು ದಿನದ ಮೇಲೆ ನಾನು ಅವರ ಮನೆಗೆ ಹೋದೆ. "ತಂಗಿ, ನಾನು ಬರೆದಿಡಲಿಲ್ಲ, ತಪ್ಪು ನಂದು, ಮಾಫ್ ಮಾಡವಾ" ಎಂದೆ. ಔಷಧ ಅಂಗಡಿಯ ಬಾಕಿಯನ್ನು ನನ್ನ ಸಂಬಳದಲ್ಲಿ ಎರಡು ಕಂತಿನಲ್ಲಿ ತೀರಿಸಿದೆ. ಆಕೆ ಬೇಡವೆಂದಳು, ನಾನು ಬಿಡಲಿಲ್ಲ. ಅಂದಿನಿಂದ ಚಾದರ ಹಾಸಿದ ದಿನವೇ ಇಬ್ಬರ ಮುಂದೆ ಎಣಿಸಿ, ಪುಸ್ತಕದಲ್ಲಿ ಬರೆದು, ಮೂವರೂ ಸಹಿ ಹಾಕುತ್ತೇವೆ. ಪುಸ್ತಕ ಮಸೀದಿಯ ಕಪಾಟಿನಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು.

ಯಾ ಅಲ್ಲಾಹ್, ನಮ್ಮ ತಂದೆತಾಯಿಯರ ಮುಪ್ಪನ್ನು ಇಜ್ಜತ್ತಿನಿಂದ ಕಾಯುವ ಶಕ್ತಿ ಕೊಡು. ನಮ್ಮ ಕೈಗೆ ಬಂದ ಅಮಾನತನ್ನು ಪೂರ್ತಿಯಾಗಿ ಒಪ್ಪಿಸುವ ತೌಫೀಕ್ ಕೊಡು. ನೀನು ಹಿಸಾಬು ಕೇಳುವ ದಿನಕ್ಕೆ ಮೊದಲೇ ನಮ್ಮ ಹಿಸಾಬನ್ನು ನಾವೇ ನೋಡಿಕೊಳ್ಳುವವರನ್ನಾಗಿ ಮಾಡು. ಆಮೀನ್.